ಮನೆಗಿಂತ ಮಣ್ಣು ದುಬಾರಿ

ಸಿಮೆಂಟು, ಕಬ್ಬಿಣ, ಗಾರೆಯವರ ಕೂಲಿ ಏರಿದೆಯೆಂದು ಗೊಣಗುತ್ತೇವೆ, ಅದು ಸುಳ್ಳೂ ಅಲ್ಲ. ಆದರೆ ಮೂವತ್ತು-ನಲವತ್ತರ ನಿವೇಶನದ ಬೆಲೆಯೇ ಅದರ ಮೇಲೆ ಕಟ್ಟುವ ಮನೆಯ ಖರ್ಚನ್ನು ಮೀರಿಸುವ ಮೈಸೂರಿನ ಬಡಾವಣೆಗಳಲ್ಲಿ ಸಂಬಳದಾರನ ಲೆಕ್ಕ ಪಾಯ ತೋಡುವ ಮೊದಲೇ ತಪ್ಪಿರುತ್ತದೆ. 2023ರಲ್ಲಿ ಬೆಂಗಳೂರಿನ ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲಂತೂ ಅಲ್ಲಿನ ಹಣ ಇಲ್ಲಿನ ಮಣ್ಣನ್ನು ಹುಡುಕಿಕೊಂಡು ಬರುತ್ತಿದೆ. ಜಿಎಸ್‌ಟಿ ರಿಯಾಯಿತಿಗಾಗಿ ‘ಕೈಗೆಟಕುವ ಮನೆ’ಯ ಬೆಲೆ 45 ಲಕ್ಷ ರೂಪಾಯಿ ಮೀರಬಾರದೆಂದು 2019ರಲ್ಲಿ ನಿಗದಿಪಡಿಸಿದರು, ಅಷ್ಟು ಹಣಕ್ಕೆ ಒಳ್ಳೆಯ ಬಡಾವಣೆಯಲ್ಲಿ ಈಗ ಬರಿಯ ನಿವೇಶನ ಸಿಕ್ಕರೂ ಪುಣ್ಯ. ಇತ್ತ ವಿಜಯನಗರ ನಾಲ್ಕನೇ ಹಂತದಲ್ಲಿ ಎದೆಯೆತ್ತರ ಪಾರ್ಥೇನಿಯಂ ಬೆಳೆದ ಖಾಲಿ ಜಾಗಕ್ಕೆ ಕಲ್ಲುಕಂಬ ನೆಟ್ಟು, ತಂತಿ ಬಿಗಿದು, ‘ಮಾರಾಟಕ್ಕಿಲ್ಲ’ ಎಂಬ ಫಲಕ ತೂಗುಹಾಕಿದ್ದಾರೆ. ಹೀಗೆ ಕಟ್ಟದೆ, ಮಾರದೆ ಹಿಡಿದಿಟ್ಟುಕೊಂಡ ನಿವೇಶನಗಳ ಮೇಲೆ ತೆರಿಗೆ ಬಿಗಿಗೊಳಿಸಬೇಕೆಂಬುದು ನನ್ನ ಅಭಿಪ್ರಾಯ, ಅವುಗಳಲ್ಲಿ ನಮ್ಮ ನೆಂಟರದೇ ಒಂದೆರಡು ಇದ್ದರೂ ಸರಿಯೇ.