ಸಿಕಂದರ್ ಬಾಗ್‌ನ ಆ ಫೋಟೋ

ದಿಲ್ಲಿಯ ಕಾಶ್ಮೀರಿ ಗೇಟ್ ಹತ್ತಿರ ಒಂದು ಕಲ್ಲಿನ ಕಂಬವಿದೆ. 1857ರ ಮೇ 11ರಂದು ಮೀರತ್‌ನ ಸಿಪಾಯಿಗಳು ದಿಲ್ಲಿಗೆ ನುಗ್ಗಿದಾಗ, ಅಲ್ಲಿನ ಟೆಲಿಗ್ರಾಫ್ ಕಚೇರಿಯ ಬ್ರೆಂಡಿಶ್ ಮತ್ತು ಪಿಲ್ಕಿಂಗ್ಟನ್ ಎಂಬ ಇಬ್ಬರು ಹುಡುಗರು ಅಂಬಾಲಕ್ಕೆ ಟೆಲಿಗ್ರಾಂ ಕಳಿಸಿದರು. ಆ ಸುದ್ದಿ ಮುಂದೆ ಲಾಹೋರ್ ಮುಟ್ಟಿತು. ಅಲ್ಲಿನ ಸಿಪಾಯಿಗಳು ದಂಗೆ ಏಳುವ ಮೊದಲೇ ಬ್ರಿಟಿಷರು ಅವರ ಬಂದೂಕು ಕಿತ್ತುಕೊಂಡರು. ‘ಟೆಲಿಗ್ರಾಫ್ ಭಾರತವನ್ನು ಉಳಿಸಿತು’ ಎಂದು ಕಂಬದ ಮೇಲೆ ಕೆತ್ತಿದ್ದಾರೆ. ಓದಿ ಸಿಟ್ಟು ಬಂತು. ಉಳಿಸಿದ್ದು ಯಾರ ಪಾಲಿಗೆ?

ದಿಲ್ಲಿಯ ಉಳಿದ ಸುತ್ತಾಟ ಬಿಟ್ಟು, 1857ರ ಇನ್ನೊಂದು ಜಾಗವಾದ ಲಖನೌಗೆ ಬರುತ್ತೇನೆ. ಸಿಕಂದರ್ ಬಾಗ್‌ಗೆ ಹೋಗುವವರು ಆಟೋದವರಿಗೆ ‘ಎನ್‌ಬಿಆರ್‌ಐ (ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆ) ಪಕ್ಕ’ ಎಂದು ಮೊದಲೇ ಹೇಳಿ, ಬಾಡಿಗೆಯನ್ನೂ ಮಾತಾಡಿಕೊಳ್ಳಿ. ನನ್ನನ್ನು ಒಬ್ಬರು ಬೇರೆ ಯಾವುದೋ ಪಾರ್ಕಿಗೆ ಕರೆದೊಯ್ದು, ವಾಪಸ್ ಬರಲು ಮತ್ತೆ ದುಡ್ಡು ಕೇಳಿದರು.

ನವಾಬ್ ವಾಜಿದ್ ಅಲಿ ಷಾ ಕಟ್ಟಿಸಿದ ತೋಟವಿದು. ಈಗ ಹೆಬ್ಬಾಗಿಲು, ಒಂದಿಷ್ಟು ಗೋಡೆ, ಸಣ್ಣ ಮಸೀದಿ ಉಳಿದಿವೆ. 1857ರ ನವೆಂಬರ್ 16ರಂದು ಇಲ್ಲಿ ಬ್ರಿಟಿಷರ ದಾಳಿಗೆ ಸುಮಾರು 2,000 ಸಿಪಾಯಿಗಳು ಸತ್ತರು. ನಾಲ್ಕೈದು ತಿಂಗಳ ನಂತರ ಫೆಲಿಚೆ ಬೆಯಾಟೊ ಕ್ಯಾಮೆರಾ ಹೊತ್ತು ಬಂದ. ಕ್ರಿಮಿಯಾ ಯುದ್ಧದಲ್ಲೂ ಫೋಟೋ ತೆಗೆದಿದ್ದವನು. ಅವನ ಫೋಟೋ ನನ್ನ ಮೊಬೈಲ್‌ನಲ್ಲಿತ್ತು: ಗುಂಡೇಟಿಗೆ ಜಜ್ಜಿಹೋದ ಕಂಬಗಳ ಕಟ್ಟಡ, ಒಂದು ಕುದುರೆ, ನಾಲ್ವರು ಭಾರತೀಯರು, ಮುಂದೆ ನೆಲದ ತುಂಬ ತಲೆಬುರುಡೆ, ಪಕ್ಕೆಲುಬು.

ನೆರಳಲ್ಲಿ ಕೂತಿದ್ದ ಹಿರಿಯರೊಬ್ಬರಿಗೆ ಅದನ್ನು ತೋರಿಸಿದೆ. ಅವರು ಎಲುಬುಗಳನ್ನು ನೋಡಲೇ ಇಲ್ಲ. ಚಿತ್ರ ದೊಡ್ಡದು ಮಾಡಿ ಆ ನಾಲ್ವರ ಮೇಲೆ ಬೆರಳಿಟ್ಟರು.

“ಇವರು ನಮ್ಮವರೇ ಅಲ್ವಾ ಬೇಟಾ? ಇಲ್ಲಿ ಯಾಕೆ ನಿಂತಿದ್ದಾರೆ?”

“ನಿಲ್ಲಿಸಿರಬೇಕು ಚಾಚಾ. ಆಗಿನ ಕ್ಯಾಮೆರಾಕ್ಕೆ ಅಲುಗಾಡದೆ ನಿಲ್ಲಬೇಕಿತ್ತು.”

“ಈ ಎಲುಬು? ಅಷ್ಟು ದಿನ ಹೀಗೇ ಬಿದ್ದಿದ್ದವಾ?”

ಇಲ್ಲ ಎಂದೆ. ಮುಚ್ಚಿದ್ದ ಹೆಣಗಳನ್ನು ಫೋಟೋಗ್ರಾಫರ್ ಹಟ ಮಾಡಿ ತೆರೆಸಿದ ಎಂದು ಬ್ರಿಟಿಷ್ ಅಧಿಕಾರಿ ಜಾರ್ಜ್ ಕ್ಯಾಂಪ್‌ಬೆಲ್ಲನೇ ಬರೆದಿದ್ದಾನೆ. ಚಾಚಾ ಮೊಬೈಲ್ ನನ್ನ ಕೈಗಿಟ್ಟು ಬಹಳ ಹೊತ್ತು ಮಾತಾಡಲಿಲ್ಲ. ನನಗೂ ಆ ಫೋಟೋವನ್ನು ‘ಅಪರೂಪದ ದಾಖಲೆ’ ಎಂದು ಸುಮ್ನೆ ಹೊಗಳಲು ಇನ್ನು ಆಗುವುದಿಲ್ಲ. ಸತ್ತವರನ್ನು ಎಬ್ಬಿಸಿ, ಬದುಕಿದ್ದವರನ್ನು ನಿಲ್ಲಿಸಿ, ಗೆದ್ದವರ ಕಣ್ಣಿಗೆ ಬೇಕಾದ ಹಾಗೆ ಜೋಡಿಸಿದ ಚಿತ್ರ ಅದು.

ಕೊನೆಗೆ ಚಾಚಾ ಹೊರಗಿನ ಊದಾದೇವಿ ಪ್ರತಿಮೆ ಹತ್ತಿರ ಕರೆದುಕೊಂಡು ಹೋದರು. ಮರವೇರಿ ಕೂತು ಬ್ರಿಟಿಷರ ಮೇಲೆ ಗುಂಡು ಹಾರಿಸಿದವಳು ಎಂದು ಊರವರು ಹೇಳುವ ಹೆಣ್ಣುಮಗಳು. “ಇವಳ ಫೋಟೋ ಯಾರೂ ತೆಗೆಯಲಿಲ್ಲ” ಎಂದರು. ಅದೇ ನವೆಂಬರ್‌ನಲ್ಲಿ ನಮ್ಮ ಹಲಗಲಿಯ ಬೇಡರೂ ಬಂದೂಕು ಕೊಡುವುದಿಲ್ಲ ಎಂದು ಎದ್ದು ನಿಂತಿದ್ದರು. ಅವರ ಕಥೆ ಲಾವಣಿಯಲ್ಲಿ ಉಳಿದಿದೆ ಎಂದು ಚಾಚಾಗೆ ಹೇಳಿದೆ. ಹಾಡಿ ತೋರಿಸು ಎಂದರು. ಬಂದಷ್ಟು ಹಾಡಿದೆ.