ಸಿಮ್ ಇಲ್ಲದ ಫೋನು

ಹಳೆ ಫೋನಿಗೆ ಎಕ್ಸ್‌ಚೇಂಜಿನಲ್ಲಿ ಸಿಗುವ ದುಡ್ಡು ಕೇಳಿ ನಗು ಬಂತು. ಮನೆಯಲ್ಲೇ ಇರಲಿ ಬಿಡಿ ಎಂದೆ. ಈಗ ಅದು ಆಯಿಯ (ನಮ್ಮ ಕಡೆ ಅಮ್ಮನಿಗೆ ಹಾಗೆನ್ನುತ್ತಾರೆ) ರೇಡಿಯೋ. ಶಿರಸಿ ಕಡೆಯ ಮಳೆಗಾಲ ಗೊತ್ತಲ್ಲ, ಕರೆಂಟು ಹೋದರೆ ವೈಫೈಯೂ ಹೋಯ್ತು. ಆದರೆ ಫೋನಿನ ಎಫ್‌ಎಂಗೆ ಇಂಟರ್ನೆಟ್ಟೂ ಬೇಡ, ಸಿಮ್ಮೂ ಬೇಡ. ಇಯರ್‌ಫೋನ್ ಸಿಕ್ಕಿಸಿದರೆ ಅದರ ವಯರೇ ಆಂಟೆನಾ. ಸ್ಪೀಕರಿಗೆ ಹಾಕಿಟ್ಟರೆ ಅಡಿಗೆಮನೆ ತುಂಬಾ ಆಕಾಶವಾಣಿ. (ಎಷ್ಟೋ ಹೊಸ ಫೋನುಗಳಲ್ಲಿ ಇಯರ್‌ಫೋನಿನ ಆ ತೂತನ್ನೇ ತೆಗೆದುಬಿಟ್ಟಿದ್ದಾರೆ, ಯಾರಿಗೆ ಲಾಭವೋ!) ಮೆಮೊರಿ ಕಾರ್ಡಿಗೆ ಒಂದಷ್ಟು ತಾಳಮದ್ದಳೆ ತುಂಬಿಸಿದ್ದೂ ಆಯ್ತು.

ಅಡಿಕೆ ಕೊಯ್ಲು ಶುರುವಾದಾಗ ಅಪ್ಪನದು ಬೇರೆ ಬೇಡಿಕೆ. ಅಂಗಳದ ಅಡಿಕೆ ಕಾಯಲು ಕ್ಯಾಮೆರಾ ಬೇಕಂತೆ. ಒಂದು ಆ್ಯಪ್ ಹಾಕಿದೆ, ಕಿಟಕಿಯಲ್ಲಿ ಇಟ್ಟೆ. ದನ ನುಗ್ಗಿದ್ದು ಒಳಗೆ ಕೂತೇ ಇನ್ನೊಂದು ಫೋನಿನಲ್ಲಿ ಕಾಣುತ್ತದೆ. ಓಡಿಸಲು ಮಾತ್ರ ಎದ್ದೇ ಹೋಗಬೇಕು!

ಹೀಗೆ ಬಳಸುವವರು ಬ್ಯಾಂಕಿನ ಆ್ಯಪ್‌ಗಳನ್ನು ಮೊದಲು ತೆಗೆದುಹಾಕಿ. ಹಳೆ ಫೋನಿಗೆ ಸಾಮಾನ್ಯವಾಗಿ ಸೆಕ್ಯುರಿಟಿ ಅಪ್‌ಡೇಟ್ ಬರುವುದು ನಿಂತಿರುತ್ತದೆ. ಇಡೀ ದಿನ ಚಾರ್ಜರಿಗೆ ಸಿಕ್ಕಿಸಿ ಬಿಸಿಲಲ್ಲಿ ಇಡಲೂ ಬೇಡಿ, ಬ್ಯಾಟರಿ ಉಬ್ಬಬಹುದು.

ಈಗಿನ ತಕರಾರು ಒಂದೇ, ಇಬ್ಬರಿಗೂ ಅದು ಒಂದೇ ಹೊತ್ತಿಗೆ ಬೇಕು. ನನ್ನ ಹೊಸ ಫೋನು ಹಳತಾಗುವುದು ಯಾವಾಗ ಎಂದು ಅಪ್ಪ ಆಗಲೇ ಕೇಳಿಯಾಗಿದೆ.