‘ಸೈಡ್ ತಗೊಳ್ಳಿ’ ಅಂದಿದ್ದು ನಾನೇ

ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಏಪ್ರಿಲ್‌ನಲ್ಲಿ ನಡೆದಿದ್ದು. ಇವತ್ತಿಗೂ ವಾಕಿಟಾಕಿ ಬಟನ್ ಒತ್ತಿದ್ಮೇಲೆ ಮಾತಾಡೋಕೆ ಮುಂಚೆ ಒಂದು ಉಸಿರು ತಡೀತೀನಿ. ಒಂಬತ್ತು ವರ್ಷದಿಂದ ಗೆಸ್ಟ್‌ಗಳೇ ಕಾರು ಓಡಿಸೋ ಸೆಲ್ಫ್ ಡ್ರೈವ್ ಟೂರ್ ಗ್ರೂಪ್‌ಗಳಿಗೆ ಲೀಡ್ ಕಾರ್ ಓಡಿಸ್ತಿದೀನಿ, ರೆಕ್ಕಿ, ಅಂದ್ರೆ ಮುಂಚೆನೇ ಹೋಗಿ ರೂಟ್ ನೋಡ್ಕೊಂಡು ಬರೋದು, ಮಾಡೋದು ನಾನು, ಬ್ರೀಫಿಂಗ್ ಕೊಡೋದು ನಾನು, ರೋಡಲ್ಲಿ ಮುಂದೆ ಹೋಗೋದೂ ನಾನೇ, ಹಾಗಾಗಿ ಅವತ್ತಿನದನ್ನ ಬೇರೆ ಯಾರ ತಲೆಗೂ ಕಟ್ಟೋ ಹಾಗಿಲ್ಲ.

ಗೆಸ್ಟ್ ಕಾರು ಐದು, ಎಲ್ಲಾ ರೂಫ್ ಮಡಚೋ ಕನ್ವರ್ಟಿಬಲ್, ಹತ್ತು ಜನ, ಎಲ್ಲಾ ಗಂಡ ಹೆಂಡ್ತಿ ಜೋಡಿ, ಎಲ್ರೂ ಕನ್ನಡದವರು, ಬಹುಪಾಲು ಐವತ್ತು ದಾಟಿದವರು. ಮುಂಚೆ ಎಲ್ಲಾ ಗ್ರೂಪಿಗೂ ಕೊನೇಲಿ ಎಲ್ರನ್ನೂ ನೋಡ್ಕೊಂಡು ಬರೋಕೆ ನಮ್ಮದೇ ಒಂದು ಸ್ವೀಪ್ ಕಾರ್ ಇರ್ತಿತ್ತು, ಈ ಸೀಸನ್‌ನಿಂದ ಕಾಸ್ಟಿಂಗ್ ಶೀಟಲ್ಲಿ ಅದನ್ನ ತೆಗೆದ್ಬಿಟ್ರು. ಐದೇ ಕಾರಲ್ವಾ, ವಾಕಿಟಾಕಿ ಇದೆಯಲ್ಲ ಅಂದ್ರು. ನಾನೂ ಗಟ್ಟಿಯಾಗಿ ಬೇಡ ಅನ್ನಲಿಲ್ಲ, ಫೆಬ್ರವರಿಲಿ ರೆಕ್ಕಿಗೆ ಹೋದಾಗ ರೋಡ್ ಅಷ್ಟು ಖಾಲಿ ಇತ್ತು.

ಮಯೋರ್ಕಾ ಅಂದ್ರೆ ಬರೀ ಬೀಚ್ ಅಂದ್ಕೊಂಡು ಬರೋರೇ ಜಾಸ್ತಿ, ಆದ್ರೆ ದ್ವೀಪದ ವಾಯವ್ಯ ಅಂಚಿನ ಉದ್ದಕ್ಕೂ ಸೆರಾ ಡೆ ತ್ರಮುಂತಾನಾ ಬೆಟ್ಟಸಾಲು ಗೋಡೆ ಥರ ನಿಂತಿದೆ, ಪುಯ್ಚ್ ಮಜೋರ್ ಶಿಖರ 1,400 ಮೀಟರ್ ಮೇಲೆ. ಕಲ್ಲು ಕಟ್ಟಿ ಮಾಡಿದ ಮೆಟ್ಟಿಲು ಗದ್ದೆ, ಆಲಿವ್ ತೋಟ, ಎಲ್ಲಾ ಸೇರಿಸಿ 2011ರಲ್ಲಿ ಯುನೆಸ್ಕೋ ಪಟ್ಟಿಗೆ ಹಾಕಿದಾರೆ. ಆ ಬೆಟ್ಟದ ಬೆನ್ನ ಮೇಲೇ ಎಂಎ-10 ರಸ್ತೆ ಹೋಗುತ್ತೆ. ಅದರಿಂದ ಒಂದು ಕವಲು ಒಡೆದು ಸಾ ಕಲೋಬ್ರಾ ಅನ್ನೋ ಸಣ್ಣ ಕೊಲ್ಲಿಗೆ ಇಳಿಯುತ್ತೆ, ನಮ್ಮ ಟೂರಿನ ಮೂರನೇ ದಿನದ ಐಟಂ ಅದೇ. 1932ರಲ್ಲಿ ಆಂಟೋನಿಯೊ ಪರಿಯೆತ್ತಿ ಅನ್ನೋ ಎಂಜಿನಿಯರ್ ಮಾಡಿಸಿದ ರೋಡು, ಒಂದೂ ಸುರಂಗ ಇಲ್ಲ. ಒಂದು ಕಡೆ ಇಳಿಜಾರು ತೀರಾ ಕಡಿದಾಯ್ತು ಅಂತ ರೋಡನ್ನೇ ಸುತ್ತಿಸಿ ಅದರ ಕೆಳಗೇ ನುಗ್ಗಿಸಿದಾನೆ, ಟೈ ಗಂಟು ಅಂತಾನೇ ಅಲ್ಲಿನವರು ಅದಕ್ಕೆ ಹೆಸರಿಟ್ಟಿರೋದು. ಮೇಲಿಂದ ಕೆಳಗೆ ಸುಮಾರು 10 ಕಿಲೋಮೀಟರ್, 26 ಹೇರ್‌ಪಿನ್, ಕೆಳಗೆ ಹೋದ್ರೆ ಸಮುದ್ರ, ಮುಂದೆ ರೋಡಿಲ್ಲ. ಇಳಿದ ದಾರಿಲೇ ಹತ್ತಬೇಕು. ಬಸ್ಸೂ ಅದೇ, ಸೈಕಲ್ಲೂ ಅದೇ, ನಾವೂ ಅದೇ.

ಈ ರೋಡಿಗೆ ಒಂದೇ ರೂಲ್. ಬೆಳಗ್ಗೆ ಒಂಬತ್ತಕ್ಕೆ ಮೇಲಿರಬೇಕು, ಹತ್ತರೊಳಗೆ ಕೆಳಗಿರಬೇಕು, ಆಮೇಲೆ ಟೂರಿಸ್ಟ್ ಬಸ್ಸುಗಳದ್ದೇ ರಾಜ್ಯ. ರೆಕ್ಕಿ ರಿಪೋರ್ಟಲ್ಲಿ ನಾನೇ ಬರೆದಿದ್ದೆ.

ಅವತ್ತು ಪಾಲ್ಮಾ ಹೋಟೆಲಿಂದ ಏಳೂವರೆಗೆ ಹೊರಡಬೇಕಿತ್ತು, ಹೊರಟಿದ್ದು ಒಂಬತ್ತೂ ಇಪ್ಪತ್ತಕ್ಕೆ. ಕಾರಣ ಲಗೇಜ್. ಕನ್ವರ್ಟಿಬಲ್ ಡಿಕ್ಕಿ ಒಳಗೆ ಒಂದು ಅಡ್ಡ ಪರದೆ ಇರುತ್ತೆ, ಅದನ್ನ ಎಳೆದು ಕೊಕ್ಕೆಗೆ ಹಾಕಿದ್ರೆ ಮಾತ್ರ ರೂಫ್ ಮಡಚುತ್ತೆ, ಇಲ್ಲಾಂದ್ರೆ ಬೀಪ್ ಬೀಪ್ ಅಂತ ಹೊಡ್ಕೊಂಡು ಅಲ್ಲೇ ನಿಲ್ಲುತ್ತೆ. ಪರದೆ ಹಾಕಿದ್ಮೇಲೆ ಉಳಿಯೋ ಜಾಗ ಒಂದು ಮೊಳ ಎತ್ತರದ್ದು, ಮೆತ್ತನೆ ಬ್ಯಾಗ್ ಆದ್ರೆ ಒತ್ತಿ ತುರುಕಬಹುದು, ಗಟ್ಟಿ ಸೂಟ್‌ಕೇಸ್ ಆಗೋದೇ ಇಲ್ಲ. ಸೇಲ್ಸ್‌ನವರು ತಲೆಗೊಂದು ಚೆಕ್-ಇನ್ ಬ್ಯಾಗ್ ಅಂತ ಪ್ಯಾಕೇಜ್ ಪಟ್ಟಿಲಿ ಬರ್ಕೊಟ್ಟಿದ್ರು. ಮೊದಲೆರಡು ದಿನ ಪಾಲ್ಮಾದಲ್ಲೇ ಹಾಲ್ಟ್ ಇದ್ದಿದ್ದಕ್ಕೆ ಯಾರಿಗೂ ಗೊತ್ತಾಗಿರಲಿಲ್ಲ, ಮೂರನೇ ದಿನ ಪೊಯೆನ್ಸಾ ಅನ್ನೋ ಊರಿಗೆ ಶಿಫ್ಟ್ ಆಗೋ ಬೆಳಗ್ಗೆ ಹತ್ತು ಸೂಟ್‌ಕೇಸ್ ಪಾರ್ಕಿಂಗಲ್ಲಿ ಸಾಲಾಗಿ ನಿಂತ್ವು. ನಾನು ಡಿಕ್ಕಿಗೆ ಹಾಕಿ ತೆಗೆದು ಹಿಂದಿನ ಸೀಟಿಗೆ ಹಾಕಿ ತೆಗೆದು, ಕೊನೆಗೆ ಟೂರ್ ಖರ್ಚಿಗೆ ಅಂತ ಕೈಲಿದ್ದ ಫ್ಲೋಟ್ ದುಡ್ಡಲ್ಲಿ ವ್ಯಾನ್ ಟ್ಯಾಕ್ಸಿ ಕರೆಸಿ ಎಲ್ಲಾ ಅದಕ್ಕೆ ತುಂಬಿ ಕಳಿಸ್ದೆ.

ಈ ಗಲಾಟೆಲಿ ಬೆಟ್ಟದ ಬ್ರೀಫಿಂಗ್ ಇಪ್ಪತ್ತೈದು ನಿಮಿಷದ್ದು ಐದು ನಿಮಿಷಕ್ಕೆ ಇಳೀತು. ರಿವರ್ಸ್ ಗೇರಿಗೆ ನಾಬ್ ಕೆಳಗಿನ ರಿಂಗ್ ಮೇಲೆತ್ತಬೇಕು ಅಂತ ಒಂದ್ಸಲ ತೋರಿಸ್ದೆ ಅಷ್ಟೇ, ಒಬ್ಬೊಬ್ಬರ ಕೈಲೂ ಹಾಕಿಸಿ ನೋಡ್ಲಿಲ್ಲ. ಆಟೋಮ್ಯಾಟಿಕ್ ಸಿಕ್ಕಿದ್ದು ಮೂರೇ ಕಾರು, ಉಳಿದೆರಡು ಮ್ಯಾನ್ಯುಯಲ್. ಮೂರನೇ ಕಾರಿನ ಸಾರ್, ಅರವತ್ತೆರಡು ವರ್ಷದವರು, ‘ನಲವತ್ತು ವರ್ಷ ಮ್ಯಾನ್ಯುಯಲ್ಲೇ ಓಡ್ಸಿದೀನಿ, ನನಗೆ ಕೊಡಿ’ ಅಂತ ಪ್ರೀತಿಯಿಂದ ತಗೊಂಡಿದ್ರು. ನಲವತ್ತು ವರ್ಷ ಎಡಗೈಲಿ ಹಾಕಿದ ಗೇರು ಅದು, ಇಲ್ಲಿ ಸ್ಟೀರಿಂಗ್ ಎಡಗಡೆ ಇರೋದ್ರಿಂದ ಬಲಗೈಗೆ ಬಂದಿದೆ ಅನ್ನೋದು ನನ್ನ ತಲೆಗೆ ಬರಬೇಕಿತ್ತು.

ಟೈಮ್ ಉಳಿಸೋಕೆ ಸೋಯೆರ್ ಟನಲ್ ಹಿಡಿದ್ವಿ, ಆಮೇಲೆ ಕುಬೆರ್, ಗೋರ್ಗ್ ಬ್ಲಾವ್ ಎರಡು ಕೆರೆ ಪಕ್ಕ ದಾಟಿ, ಹಳೇ ನೀರಿನ ಕಮಾನು ಇರೋ ಕವಲಲ್ಲಿ ತಿರುಗಿ, ಇಳಿಯೋದು ಶುರುವಾಗೋ ಕೋಲ್ ದೆಲ್ಸ್ ರೆಯ್ಸ್ ಕಣಿವೆಬಾಯಿ ಮುಟ್ಟಿದಾಗ ಹನ್ನೊಂದು ದಾಟಿತ್ತು. ದಾರಿ ತುಂಬಾ ಸೈಕಲ್‌ನವರು, ವಸಂತದಲ್ಲಿ ಯೂರೋಪಿನ ಸೈಕಲ್ ಜನ ಎಲ್ಲಾ ಅಲ್ಲೇ ಇರ್ತಾರೆ. ಅಲ್ಲಿ ನಿಂತು ಐದು ನಿಮಿಷ ಯೋಚಿಸ್ದೆ. ಇಳಿಯೋದು ಬೇಡ, ಮೇಲಿಂದಲೇ ಫೋಟೋ ತೆಗೆದು ಪೊಯೆನ್ಸಾ ಕಡೆ ಹೋಗೋಣ ಅಂತ ಮನಸ್ಸಿಗೆ ಬಂತು, ಬಾಯಿಗೂ ಬಂತು. ಅಷ್ಟರಲ್ಲಿ ಆಫೀಸ್ ಗ್ರೂಪಲ್ಲಿ ಮೆಸೇಜ್, ‘ಸಾ ಕಲೋಬ್ರಾ ವಿಡಿಯೋ ಇವತ್ತೇ ಬೇಕು’. ಗೆಸ್ಟ್‌ಗಳೂ ಕೆಳಗೆ ಇಣುಕಿ ನೋಡಿ ಖುಷಿಯಾಗಿದ್ರು. ರೂಫ್ ತೆಗೆದು ಐದು ಕಾರು ಸಾಲಾಗಿ ನಿಲ್ಲಿಸಿ ಫೋಟೋ ತೆಗೆದೆ. ಆಮೇಲೆ ‘ನಿಧಾನಕ್ಕೆ ಇಳಿಯೋಣ’ ಅಂದೆ. ಆಫೀಸಿಂದ ಯಾರೂ ಇಳೀರಿ ಅಂತ ಆರ್ಡರ್ ಮಾಡಿರಲಿಲ್ಲ, ಡಿಸಿಷನ್ ನನ್ನದು.

ಇಲ್ಲಿ ಒಂದು ವಿಷಯ ಹೇಳ್ಬೇಕು. ಅಲ್ಲಿ ಗಾಡಿ ಓಡಿಸೋದು ರೋಡಿನ ಬಲಗಡೆ. ನಮ್ಮ ಕಡೆ ಓಡಿಸಿ ಅಭ್ಯಾಸ ಇರೋರು ಅಲ್ಲಿನ ಕಾರಲ್ಲಿ ಕೂತ್ರೆ ಗೊತ್ತಿಲ್ಲದೇ ಬಲಕ್ಕೆ ಜರುಗ್ತಾ ಹೋಗ್ತಾರೆ. ಕಾರಿನ ಅಗಲ ನಮ್ಮ ಎಡಕ್ಕೆ ಇರುತ್ತೆ ಅಂತ ಮೈಗೆ ಅಭ್ಯಾಸ, ಅಲ್ಲಿ ಅಗಲ ಎಲ್ಲಾ ಬಲಕ್ಕೆ. ಬಲಗಡೆ ಚಕ್ರ ಕಲ್ಲಂಚಿಗೆ ಉಜ್ಜುತ್ತೆ. ಅದಕ್ಕೆ ಎರಡು ದಿನದಿಂದ ನಾನು ವಾಕಿಟಾಕಿಲಿ ‘ಮೂರು, ಸ್ವಲ್ಪ ಎಡಕ್ಕೆ ಬನ್ನಿ ಸಾರ್, ಎಡಕ್ಕೆ ಬನ್ನಿ’ ಅಂತ ಹೇಳ್ತಾನೇ ಇದ್ದೆ. ಅವರ ಕಿವಿಗೆ ನನ್ನ ದನಿ ಅಂದ್ರೆ ಎಡ ಅಂತಲೇ ಕೂತುಬಿಟ್ಟಿತ್ತು.

ಗಂಟು ದಾಟಿ ಕೆಳಗೆ, ಅರ್ಧ ದಾರಿ ಆಗಿರಬಹುದು. ನಾನು ಒಂದು ಹೇರ್‌ಪಿನ್ ತಿರುಗಿ ಕೆಳಗಿನ ಪಟ್ಟೆಗೆ ಬಂದಿದ್ದೆ, ಹಿಂದೆ ಒಂದು, ಎರಡು. ಎದುರಿಂದ ದೊಡ್ಡ ಬಸ್ಸು ಹತ್ತಿ ಬಂತು. ನಾವು ಮೂವರೂ ಬಲಕ್ಕೆ ಒತ್ತಿ ನಿಂತ್ವಿ, ಬಸ್ಸು ಪಕ್ಕದಲ್ಲೇ ಹಾದುಹೋಯ್ತು. ರೂಫಿಲ್ಲದ ಕಾರಲ್ಲಿ ಕೂತಾಗ ಬಸ್ಸಿನ ಚಕ್ರದ ನಟ್ಟುಗಳು ಕಣ್ಣಿನ ಸಮಕ್ಕೆ ಬರುತ್ತೆ, ಬ್ರೇಕಿನ ಬಿಸಿ ಮುಖಕ್ಕೆ ಹೊಡೆಯುತ್ತೆ. ಮೇಲಿನ ಪಟ್ಟೆಲಿ ಮೂರು, ನಾಲ್ಕು, ಐದು ಇಳೀತಾ ಇದ್ರು, ಅವರಿಗೆ ಬಸ್ಸು ಕಾಣಿಸ್ತಿರಲಿಲ್ಲ. ನಾನು ಬಟನ್ ಒತ್ತಿ ಹೇಳಿದ್ದು ಇಷ್ಟು:

‘ಮೂರು ನಾಲ್ಕು ಐದು, ಬಸ್ ಬರ್ತಿದೆ, ಸೈಡ್ ತಗೊಳ್ಳಿ, ಸೈಡ್ ತಗೊಂಡು ನಿಲ್ಸಿ.’

ಸೈಡ್ ತಗೊಳ್ಳೋದು ಅಂದ್ರೆ ನಮ್ಮ ರೋಡಲ್ಲಿ ಎಡಕ್ಕೆ ಹೋಗೋದು. ಹುಟ್ಟಿದಾಗಿಂದ ಹಾಗೇ. ಸಾರ್ ಎಡಕ್ಕೆ ತಗೊಂಡು ನಿಲ್ಸಿದ್ರು, ತಿರುವಿನ ಬಾಯಲ್ಲೇ, ಕಣಿವೆ ಕಡೆ, ಸರಿಯಾಗಿ ಬಸ್ಸು ಬರೋ ಲೇನಲ್ಲಿ.

ಕೆಳಗಿಂದ ತಲೆಯೆತ್ತಿ ನೋಡಿದ್ರೆ ಮೇಲೆ ಬಸ್ಸು ತಿರುವು ಸುತ್ತಿ ಗಕ್ಕಂತ ನಿಂತಿದ್ದು ಕಾಣಿಸ್ತು, ಅದರ ಮೂಗಿನ ಮುಂದೆ ನಮ್ಮ ಕೆಂಪು ಕಾರು. ನನ್ನ ಕಾರಿಗೆ ಹ್ಯಾಂಡ್‌ಬ್ರೇಕ್ ಎಳೆದು ಓಡಿದೆ. ಮೇಲಿನ ಪಟ್ಟೆ ನೇರ ನೋಡಿದ್ರೆ ತಲೆ ಮೇಲೇ ಇತ್ತು, ರೋಡಲ್ಲಿ ಸುತ್ತಿ ಹೋಗೋಕೆ ನೂರೈವತ್ತು ಮೀಟರ್ ಏರು. ಆ ಓಟ ನನಗೆ ಈಗಲೂ ನೆನಪಾಗುತ್ತೆ, ಕಾಲು ಎತ್ತಿಟ್ರೂ ಜಾಗ ಬಿಟ್ಟು ಹೋಗ್ತಿಲ್ಲ ಅನ್ನೋ ಹಾಗೆ. ಬಸ್ಸಿನ ಹಿಂದೆ ಆಗಲೇ ಇಬ್ರು ಸೈಕಲ್‌ನವರು, ಒಂದು ಕಾರು, ಅದು ಹಿಂದಕ್ಕೆ ಹೋಗೋ ಮಾತೇ ಇಲ್ಲ.

ನಾನು ತಿರುವಿಗೆ ಬರೋವಾಗ ಬಸ್ಸಿಗೂ ಕಾರಿಗೂ ಮಧ್ಯೆ ಒಂದು ಮಾರು ಜಾಗ ಇತ್ತು. ಮೇಡಂ ಸೀಟ್ ಮೇಲೆ ಎದ್ದು ನಿಂತು ಎರಡೂ ಕೈ ಬಸ್ಸಿನ ಕಡೆ ಅಡ್ಡ ಹಿಡಿದಿದ್ರು. ಸಾರ್ ರಿವರ್ಸ್ ಹಾಕ್ತಿದೀನಿ ಅಂದ್ಕೊಂಡು ಗೇರನ್ನ ಎಡಕ್ಕೆ ಮೇಲಕ್ಕೆ ತಳ್ಳಿದ್ರು, ರಿಂಗ್ ಎತ್ತಿರಲಿಲ್ಲ, ಬಿದ್ದಿದ್ದು ಫಸ್ಟ್. ಇಳಿಜಾರು ಬೇರೆ. ಕ್ಲಚ್ ಬಿಟ್ಟ ತಕ್ಷಣ ಕಾರು ಮುಂದಕ್ಕೆ ಹಾರಿ ಆಫ್ ಆಯ್ತು. ಒಂದು ಮಾರು ಇದ್ದಿದ್ದು ಒಂದು ಗೇಣಿಗೆ ಬಂತು. ಎಡಗಡೆ ಅಂಚಲ್ಲಿ ಮೊಣಕಾಲೆತ್ತರದ ಕಲ್ಲು ಗೂಟಗಳು, ಅದರಾಚೆ ಕೆಳಗೆ ನಾನು ಓಡಿ ಬಂದ ರೋಡು, ಅದರಾಚೆ ಬರೀ ಗಾಳಿ.

ಬಸ್ಸಿನ ಡ್ರೈವರ್ ಎಂಜಿನ್ ಆಫ್ ಮಾಡಿ ಕೆಳಗಿಳಿದ್ರು. ಕೂಗಾಡಲಿಲ್ಲ. ಕಾರಿನ ಬಾಗಿಲ ಹತ್ರ ಬಂದು ಅಂಗೈ ಕೆಳಗೆ ಮಾಡಿ ಮೆಲ್ಲಗೆ ಅಂತ ಸಾರ್‌ಗೆ ಸನ್ನೆ ಮಾಡಿದ್ರು. ನಾನು ‘ಬ್ರೇಕ್ ಬಿಡ್ಬೇಡಿ ಸಾರ್, ಹ್ಯಾಂಡ್‌ಬ್ರೇಕ್ ಎಳೀರಿ’ ಅಂದೆ, ಎಳೆದ್ರು, ಆದ್ರೆ ಕಾಲು ಬ್ರೇಕ್ ಮೇಲಿಂದ ಏಳ್ತಾನೇ ಇಲ್ಲ, ನಾನು ಅವರ ಮೊಣಕಾಲು ಮುಟ್ಟಿ ಹೇಳ್ಬೇಕಾಯ್ತು. ಮೇಡಂನ ಮೊದಲು ಇಳಿಸಿ, ಸಾರ್‌ನ ಇಳಿಸಿ, ನಾನು ಕೂತೆ. ನನ್ನ ಕಾಲೂ ನಡುಗ್ತಿತ್ತು. ರಿಂಗ್ ಎತ್ತಿ ರಿವರ್ಸ್ ಹಾಕಿ ಏರಿಗೆ ಹಿಂದಕ್ಕೆ ತಗೊಂಡೆ, ಕ್ಲಚ್ ಸುಟ್ಟ ವಾಸನೆ, ಎಡಗಡೆ ಹಿಂದಿನ ಚಕ್ರ ಕಲ್ಲು ಗೂಟಕ್ಕೆ ಕರ್ ಅಂತ ಉಜ್ಜಿ ಅಲಾಯ್ ರಿಮ್ ಕಿತ್ಕೊಂಡಿತು. ಬಂಡೆ ಕಡೆ ಒತ್ತಿ ನಿಲ್ಸಿದ್ಮೇಲೆ ಬಸ್ಸು ಹೋಯ್ತು. ಡ್ರೈವರ್ ಹೋಗ್ತಾ ಸ್ಟೀರಿಂಗಿಂದ ಒಂದು ಬೆರಳು ಎತ್ತಿದ್ರು. ಎಲ್ಲಾ ಸೇರಿ ಏಳೆಂಟು ನಿಮಿಷ.

ಅಲ್ಲಿ ತಿರುಗಿಸೋಕೆ ಜಾಗ ಇಲ್ಲ, ಇಳಿಯಲೇಬೇಕಿತ್ತು. ಕೆಂಪು ಕಾರನ್ನ ಕೆಳಗಿನವರೆಗೂ ನಾನೇ ಓಡಿಸ್ದೆ, ನನ್ನ ಕಾರನ್ನ ಐದನೇ ಕಾರಿನ ಮೇಡಂ ತಂದ್ರು. ಅವರ ಹತ್ರ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಇತ್ತು, ಅಡಿಷನಲ್ ಡ್ರೈವರ್ ಅಂತ ಹೆಸರೂ ಹಾಕಿಸಿದ್ವಿ, ಅದೊಂದು ಪುಣ್ಯ. ಬಸ್ಸುಗಳೆಲ್ಲ ವಾಪಸ್ ಹೋಗೋವರೆಗೂ, ಸಂಜೆ ಐದರವರೆಗೂ ಕೆಳಗೇ ಕಾದ್ವಿ. ಉಳಿದವರು ಬಂಡೆ ಕೊರೆದ ದಾರಿಲಿ ತೊರೆಂತ್ ದೆ ಪರೇಯ್ಸ್ ಅನ್ನೋ ಕಮರಿ ಕಡೆ ನಡೆದು ಹೋದ್ರು. ಸಾರ್ ಒಂದು ಬೆಂಚ್ ಮೇಲೆ ಕೂತಿದ್ರು. ನಾನು ಹೋಗಿ ಪಕ್ಕ ಕೂತೆ. ಬೈತಾರೆ ಅಂದ್ಕೊಂಡೆ. ‘ನೀವು ಸೈಡ್ ಅಂದ್ರಿ, ನಾನು ಸೈಡ್ ತಗೊಂಡೆ ಅಲ್ವಾ ಅಪ್ಪಾ’ ಅಂದ್ರು. ತಪ್ಪು ಎಲ್ಲಾಯ್ತು ಅಂತ ಅವರಿಗೆ ನಿಜವಾಗ್ಲೂ ಗೊತ್ತಾಗಿರಲಿಲ್ಲ. ತಪ್ಪು ನಂದು ಸಾರ್ ಅಂದೆ, ಅವರು ನಂಬಿದ ಹಾಗೆ ಕಾಣಿಸ್ಲಿಲ್ಲ.

ಆಫೀಸಿನ ಇನ್ಸಿಡೆಂಟ್ ಫಾರ್ಮಲ್ಲಿ ಕಾರಣಕ್ಕೆ ನಾಲ್ಕೇ ಆಯ್ಕೆ: ಗೆಸ್ಟ್ ಎರರ್, ವೆಹಿಕಲ್, ಥರ್ಡ್ ಪಾರ್ಟಿ, ವೆದರ್. ಲೀಡ್ ತಪ್ಪು ಮಾಡಿದ್ರೆ ಬರೆಯೋಕೆ ಜಾಗವೇ ಇಲ್ಲ. ನಾನು ರಿಮಾರ್ಕ್ಸಲ್ಲಿ ಉದ್ದಕ್ಕೂ ಬರೆದೆ, ಆಪರೇಷನ್ಸ್‌ನವರು ಗೆಸ್ಟ್ ಎರರ್ ಟಿಕ್ ಮಾಡಿ ಕ್ಲೋಸ್ ಮಾಡಿದ್ರು. ಟೈರ್, ಅಲಾಯ್ ಎರಡೂ ನಮ್ಮ ಇನ್ಶೂರೆನ್ಸ್ ಕವರಲ್ಲಿ ಇಲ್ಲ, ಹಾಗಾಗಿ ದುಡ್ಡು ಸಾರ್ ಡೆಪಾಸಿಟಿಂದ ಕಟ್ ಆಯ್ತು. ಕಾರು ಅಲ್ಲಿ ಉಜ್ಜಿದಾಗ ಸ್ಟೀರಿಂಗಲ್ಲಿ ಇದ್ದಿದ್ದು ನಾನು! ಮೂರು ಮೇಲ್ ಬರೆದ್ಮೇಲೆ ವಾಪಸ್ ಕೊಟ್ರು. ಇನ್ನೊಂದು ಮೀಟಿಂಗಲ್ಲಿ ವಾಕಿಟಾಕಿ ಸೆಟ್ ಸರಿ ಇಲ್ಲ, ಒಳ್ಳೇದು ತರಿಸೋಣ ಅಂತ ಮಾತು ಬಂತು. ಅವತ್ತು ಸೆಟ್ ಚೆನ್ನಾಗೇ ಕೆಲಸ ಮಾಡಿತ್ತು, ನನ್ನ ಮಾತು ಒಂದಕ್ಷರ ಬಿಡದೆ ಅವರಿಗೆ ಕೇಳಿಸಿತ್ತು.

ಆಮೇಲೆ ಆ ಪದದ ಬಗ್ಗೆ ತುಂಬಾ ತಲೆ ಕೆಡಿಸ್ಕೊಂಡೆ. ಮೊದಲು ಬಂಡೆ ಕಡೆ, ಕಣಿವೆ ಕಡೆ ಅಂತ ಹೇಳೋಣ ಅಂದ್ಕೊಂಡೆ, ಕಣ್ಣಿಗೆ ಕಾಣೋದಲ್ವಾ ಅಂತ. ಆದ್ರೆ ಪ್ರತಿ ಹೇರ್‌ಪಿನ್‌ಗೂ ಬಂಡೆ ಪಕ್ಕ ಬದಲಾಗುತ್ತೆ, ನಾನಿರೋ ಪಟ್ಟೆಲಿ ಬಲಕ್ಕೆ ಕಣಿವೆ ಇದ್ರೆ ಅವರಿರೋ ಪಟ್ಟೆಲಿ ಬಲಕ್ಕೆ ಬಂಡೆ. ಅದು ಇನ್ನೂ ಅಪಾಯ. ಎಡ ಬಲ ಅನ್ನೋಣ ಅಂದ್ರೆ ಗಾಬರಿಲಿ ಅದೂ ತಿರುಗಾಮುರುಗಾ ಆಗುತ್ತೆ. ಕೊನೆಗೆ ಸಿಕ್ಕಿದ್ದು ಪಕ್ಕದ ಸೀಟು. ಸ್ಟೀರಿಂಗ್ ಯಾವ ಕಡೆ ಇದ್ರೂ ರೋಡಿನ ಅಂಚು ಇರೋದು ಪಕ್ಕದ ಸೀಟಿನ ಕಡೆ, ಎದುರಿನ ಗಾಡಿ ಬರೋದು ಡ್ರೈವರ್ ಕಡೆ. ನಮ್ಮೂರಲ್ಲೂ ಹಾಗೇ, ಮಯೋರ್ಕಾದಲ್ಲೂ ಹಾಗೇ. ಈಗ ನನ್ನ ಗ್ರೂಪಲ್ಲಿ ಸೈಡ್ ಅನ್ನೋ ಪದವೇ ಇಲ್ಲ. ‘ಪಕ್ಕದ ಸೀಟ್ ಕಡೆ ಒತ್ತಿ’, ‘ಡ್ರೈವರ್ ಕಡೆ ಸ್ವಲ್ಪ ಬನ್ನಿ’, ಇವೆರಡೇ. ಹೊರಡೋ ಮುಂಚೆ ಪಾರ್ಕಿಂಗಲ್ಲಿ ಹತ್ತು ಸಲ ಹೇಳಿಸ್ತೀನಿ, ಮ್ಯಾನ್ಯುಯಲ್ ಕಾರಿದ್ರೆ ಒಬ್ಬೊಬ್ಬರ ಕೈಲೂ ಮೂರು ಸಲ ರಿವರ್ಸ್ ಹಾಕಿಸ್ತೀನಿ. ಒಂಬತ್ತಕ್ಕೆ ಮೇಲಿಲ್ಲ ಅಂದ್ರೆ ಸಾ ಕಲೋಬ್ರಾ ಇಲ್ಲ, ಅದು ಐಟಿನರಿಲಿ ಈಗ ಬರವಣಿಗೆಲಿ ಇದೆ. ಸ್ವೀಪ್ ಕಾರ್ ಇನ್ನೂ ಕೊಟ್ಟಿಲ್ಲ. ಲಗೇಜ್ ಲೈನೂ ಬ್ರೋಷರಲ್ಲಿ ಹಾಗೇ ಇದೆ.

ಉಳಿದೆರಡು ದಿನ ಆ ಕಾರನ್ನ ಸಾರ್ ಅವರ ಮನೆಯವರೇ ಓಡಿಸಿದ್ರು. ಅವರು ರೂಫ್ ತೆಗೀಲಿಲ್ಲ.

ಅವತ್ತು ಮೇಲೆ ತೆಗೆದ ಫೋಟೋನ ಆಫೀಸ್‌ನವರು ಬ್ರೋಷರ್ ಕವರಿಗೆ ಹಾಕಿದಾರೆ. ತೆಗೀರಿ ಅಂತ ಎರಡು ಸಲ ಕೇಳ್ದೆ, ಚೆನ್ನಾಗಿ ಬಂದಿದೆ ಅಂತಾರೆ, ಚೆನ್ನಾಗೇ ಬಂದಿದೆ. ಐದು ಕಾರು, ಹಿಂದೆ ಗಂಟು ಹಾಕಿದ ರೋಡು. ಮೂರನೇ ಕಾರಲ್ಲಿ ಸಾರ್ ಸ್ಟೀರಿಂಗ್ ಬಿಟ್ಟು ಎರಡೂ ಕೈ ಮೇಲೆತ್ತಿ ನಗ್ತಿದಾರೆ. ನನ್ನ ಫೋನಲ್ಲಿ ಅದರ ಟೈಮ್ 11:16.